ಬಾಗಿದ ಬೆಳಕಿನ ಲೆಕ್ಕ

ಸೊಲ್ಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಿಂಗಣ್ಣನಿಗೆ ತಂಗಿ ನೀಲಾಬಾಯಿ ಒಂದು ಲೆಕ್ಕ ಮಾಡಿ ತೋರಿಸಿದ್ದಳು. ಬಹುದೂರದ ಬೆಳಕು ಗ್ಯಾಲಕ್ಸಿಗಳ ಗುಂಪೊಂದನ್ನು ಹಾಯ್ದು ಬರುವಾಗ ಬಾಗುತ್ತದೆ. ಎಷ್ಟು ಬಾಗಿತೆಂದು ಅಳೆದರೆ ಆ ಗುಂಪಿನ ದ್ರವ್ಯರಾಶಿ ತಿಳಿಯುತ್ತದೆ.

“ಹುಚ್ಚಿ, ಇದು ಆಗೂದಲ್ಲ,” ಎಂದು ಅವನು ನಕ್ಕಿದ್ದ.

೧೯೫೬ರ ವಿಜ್ಞಾನ ಸಭೆಯಲ್ಲಿ ಅದನ್ನೇ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ನೀಲಾಬಾಯಿಯೂ ಆ ಸಭೆಯಲ್ಲಿದ್ದಳು.

ಮನೆಗೆ ಮರಳುವಾಗ ಅಕ್ಕಲಕೋಟೆಯ ಬಸ್ಸಿನಲ್ಲಿ ಕೇಳಿದಳು: “ಅಣ್ಣಾ, ನನ್ನ ಹೆಸರು ಯಾಕ ಹೇಳಲಿಲ್ಲ?”

“ಹುಡುಗಿ ಮಾಡಿದ ಲೆಕ್ಕ ಅಂದ್ರ ಯಾರ ಕೇಳ್ತಿದ್ರವಾ? ಮನಿ ಹೆಸರು ಬಂತಲ್ಲ, ಸಾಕು.”

“ಅದು ಮನೀದಲ್ಲ, ನಂದು.”

ಕುಂಭಾರಿಯಲ್ಲಿ ಬಸ್ಸು ನಿಂತಾಗ ಅವಳು ಎದ್ದು ಹಿಂದಿನ ಸೀಟಿಗೆ ಹೋದಳು.

ಮನೆಯ ಬಾಗಿಲಲ್ಲಿ ಅವ್ವ ಆರತಿ ಹಿಡಿದು ಕಾದಿದ್ದಳು. “ಬಾರವಾ, ಅಣ್ಣಗ ಬೆಳಗು.”

ನೀಲಾಬಾಯಿ ಇಬ್ಬರನ್ನೂ ದಾಟಿ ಒಳಗೆ ನಡೆದಳು.