ಮೂರನೇ ನೀರು

ಮಗ ತೀರಿಕೊಂಡ ಮೇಲೆ ಐದು ವರ್ಷ ಅತ್ತೆ ಕಿತ್ತಳೆ ಸಿಪ್ಪೆಯ ಮಿಠಾಯಿ ಮಾಡಿರಲಿಲ್ಲ. ಅದೆಂದರೆ ಅವನಿಗೆ ಪ್ರಾಣ. ಕಂಬ ಹತ್ತಿ ಕರೆಂಟಿನ ತಂತಿ ಸರಿಮಾಡುವ ಕೆಲಸ ಅವನದು. ಒಂದು ಮಧ್ಯಾಹ್ನ ಹತ್ತಿದವನು ಜೀವಸಹಿತ ಇಳಿಯಲಿಲ್ಲ. ಅಂದಿನಿಂದ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು, ಅತ್ತೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊರಗಿನವರು ಅವರನ್ನು ತಾಯಿ ಮಗಳೆಂದೇ ತಿಳಿಯುತ್ತಿದ್ದರು. ಇವರೂ ತಿದ್ದಲು ಹೋಗುತ್ತಿರಲಿಲ್ಲ.

ಈ ಸಲ ಚಳಿ ಶುರುವಾದಾಗ, ಒಂದು ಭಾನುವಾರ ಬೆಳಿಗ್ಗೆ ಅತ್ತೆ, "ದಪ್ಪ ಸಿಪ್ಪೆ ಇರೋ ಕಿತ್ತಳೆ ಒಂದು ಡಜನ್ ತಗೊಂಡ್ ಬಾ" ಎಂದಳು.

"ಇದೇನತ್ತೆ, ಇದ್ದಕ್ಕಿದ್ದಂಗೆ?"

"ಸುಮ್ನೆ."

ಸೊಸೆ ಚೀಲ ಹಿಡಿದು ಹೊರಟಳು. ಎರಡು ತಿಂಗಳಿಂದ ಅವಳು ಒಂದು ಮಾತನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಳು. ಅಂಗಡಿಯ ಎದುರಿಗೆ ಗಡಿಯಾರ ರಿಪೇರಿ ಮಾಡುವವನು ಮದುವೆಯಾಗೋಣವೇ ಎಂದು ಕೇಳಿದ್ದ. ಅವಳು ಹೂಂ ಅಂದಿದ್ದಳು. ಮನೆಯಲ್ಲಿ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಹಣ್ಣು ಸುಲಿದು, ಸಿಪ್ಪೆಯ ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು, ಕಿರುಬೆರಳಿನಷ್ಟು ಉದ್ದಕ್ಕೆ ಹೆಚ್ಚಿದರು. ಅತ್ತೆ ಅವನ್ನು ನೀರಿಗೆ ಹಾಕಿ ಕುದಿಸಿ, ನೀರು ಚೆಲ್ಲಿ, ಹೊಸ ನೀರು ಹಾಕಿದಳು. ಎರಡನೆಯದನ್ನೂ ಚೆಲ್ಲಿದಾಗ ಸೊಸೆ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಮೂರನೇ ನೀರಿಗೆ ಹೋಗುತ್ತೆ ಕಹಿ. ಅದಕ್ಕೆ ಮುಂಚೆ ಸಕ್ಕರೆ ಸುರಿದ್ರೆ ಮಿಠಾಯಿ ಅಲ್ಲ, ಕೆಮ್ಮಿನ ಔಷಧಿ ಆಗುತ್ತೆ" ಎಂದಳು ಅತ್ತೆ.

ಮೂರನೇ ನೀರು ಮರಳುತ್ತಿತ್ತು. ಸೊಸೆ ಒಲೆಯ ಕಡೆಗೇ ನೋಡುತ್ತಾ, "ಅತ್ತೆ, ನಾನು ಮದುವೆ ಆಗ್ತಿದೀನಿ" ಎಂದುಬಿಟ್ಟಳು.

ಅತ್ತೆ ಉರಿ ಸಣ್ಣ ಮಾಡಿದಳು. ಆಮೇಲೆ ಕೇಳಿದಳು: "ಕಂಬ ಗಿಂಬ ಹತ್ತೋ ಕೆಲಸಾನಾ?"

"ಇಲ್ಲ ಅತ್ತೆ. ಗಡಿಯಾರ ರಿಪೇರಿ. ಕೂತಲ್ಲೇ ಕೆಲಸ."

"ಗೊತ್ತು. ಬಟ್ಟೆ ಕೊಡೋಕೆ ಬರೋರೆಲ್ಲ ಹೇಳಿದಾರೆ. ನೀನೊಬ್ಳೇ ಹೇಳಿರ್ಲಿಲ್ಲ." ಅತ್ತೆ ಸೌಟು ಕೆಳಗಿಟ್ಟಳು. "ಎರಡು ತಿಂಗಳು ಏನೂ ಮುಚ್ಚಿಡದೋರ ಥರ ಒಂದೇ ತಟ್ಟೇಲಿ ಉಂಡಂಗೆ ಇದ್ವಿ. ಒಲೆ ಮುಂದೆ ಮೂರು ಗಂಟೆ ನಿಲ್ಲಿಸಿದ್ರೆ ಬಾಯಿ ಬಿಡ್ತೀಯೇನೋ ಅಂತ ಇವತ್ತು ಇದನ್ನ ಹಿಡ್ಕೊಂಡೆ."

ಸೊಸೆಗೆ ಅಳು ತಡೆಯಲಾಗಲಿಲ್ಲ. "ನಿಮ್ಮನ್ನ ಬಿಟ್ಟು ಹೋಗ್ತೀನಿ ಅನ್ನೋಕೆ ನಾಲಿಗೆ ಏಳಲಿಲ್ಲ."

"ಹೋಗು. ಮೂವತ್ತೆರಡಕ್ಕೆ ನನ್ನ ಜೊತೆ ಮುದುಕಿ ಆಗ್ಬೇಡ. ಆದ್ರೆ ಮದುವೆಗೆ ಕರೀಬೇಡ. ಅವನ ಜಾಗದಲ್ಲಿ ಇನ್ನೊಬ್ರನ್ನ ನಿಲ್ಲಿಸಿ ನೋಡೋ ಶಕ್ತಿ ನನಗಿಲ್ಲ."

ಅತ್ತೆ ಮೂರನೇ ನೀರನ್ನೂ ಚೆಲ್ಲಿದಳು. ಸಕ್ಕರೆ ಪಾಕದಲ್ಲಿ ಸಿಪ್ಪೆ ನಿಧಾನವಾಗಿ ಬೆಂದು ಗಾಜಿನಂತೆ ಹೊಳೆಯತೊಡಗಿತು. ಸೊಸೆ ಒಂದೊಂದನ್ನೇ ಎತ್ತಿ ಜಾಲರಿಯ ಮೇಲೆ ಹರವಿದಳು. ಅತ್ತೆ ಪಕ್ಕದಲ್ಲಿ ನಿಂತು, ಒಂದಕ್ಕೊಂದು ಅಂಟಿದ್ದನ್ನು ಬಿಡಿಸಿದಳು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅತ್ತೆ ಹೇಳಿದಂತೆಯೇ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಸೊಸೆ ತಿರುಗಿ ನೋಡುತ್ತಿದ್ದಳು.

ಮುಂದಿನ ಭಾನುವಾರ ಗಂಡ ಹೆಂಡತಿ ಮೂರು ಮಹಡಿ ಹತ್ತಿ ಬಂದರು. ಅತ್ತೆ ಬಾಗಿಲು ತೆಗೆದು ಅವನನ್ನು ಒಮ್ಮೆ ನೋಡಿ, ಸೀದಾ ಅಡಿಗೆಮನೆಗೆ ಹೋದಳು. ಇಬ್ಬರೂ ಒಳಗೆ ಬಂದು ಕೂತರು. ನಲ್ಲಿ ಬಹಳ ಹೊತ್ತು ಸುರಿಯಿತು. ಸೊಸೆ ಏಳಹೋದಳು, ಗಂಡ ಬೇಡವೆಂದು ಕೈ ಹಿಡಿದ.

ಕೊನೆಗೆ ಅತ್ತೆ ತೊಳೆದ ಮುಖದಲ್ಲಿ ಹೊರಬಂದು, ಅವನೆದುರಿಗೆ ಊಟದ ತಟ್ಟೆ ಇಟ್ಟಳು.

"ಉಪ್ಪು ಕಮ್ಮಿ ಆಗಿದ್ರೆ ಹೇಳಪ್ಪಾ" ಎಂದಳು. "ಸಂಕೋಚ ಪಟ್ಕೋಬೇಡ."