ಅಣ್ಣನ ಹೆಸರು

"ಸತ್ತಿರೋರು ನೀವೇ ಅಲ್ವಾ ಯಜಮಾನ್ರೇ?"

ಪುರಸಭೆಯ ಕಿಟಕಿಯ ಆಚೆಗಿದ್ದ ಗುಮಾಸ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಅವಳ ಒಂದು ಕೈಯಲ್ಲಿ ಪಂಚರಣ್ಣ ತುಂಬಿಕೊಟ್ಟ ಅರ್ಜಿಯಿತ್ತು, ಇನ್ನೊಂದು ಕೈಯ ಬೆರಳು ಕಂಪ್ಯೂಟರಿನ ಪರದೆಯ ಮೇಲಿತ್ತು. ಅರ್ಜಿ ಹಾಕಿದವನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಇಲ್ಲಿ ಏನಿತ್ತೋ ಅಲ್ಲೂ ಅದೇ ಇತ್ತು. ಅಲ್ಲಿ ಮಾತ್ರ ಅದರ ಮುಂದೆ, ಗಿರಣಿ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ಮರಣ ಎಂದು ಸೇರಿಕೊಂಡಿತ್ತು.

"ಸತ್ತಿರೋನು ನನ್ನ ತಮ್ಮ ಕಣಮ್ಮ."

"ಹೆಸರು ನಿಮ್ದಿದೆಯಲ್ಲ?"

"ಹೆಸರು ನಂದೇ. ಸತ್ತಿದ್ದು ಅವನು."

ಹಿಂದೆ ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಪಂಚರಣ್ಣ ತಿರುಗಿ ನೋಡಲಿಲ್ಲ. ಇವತ್ತು ನಗುವವರು ನಗಲಿ ಎಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿದ್ದ. ಅವನನ್ನು ಆ ಊರಿನಲ್ಲಿ ಸ್ವಂತ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸೈಕಲ್ ಅಂಗಡಿ ಇಟ್ಟ ಮೇಲೆ ಚಿಕ್ಕವರು ದೊಡ್ಡವರೆಲ್ಲರಿಗೂ ಅವನು ಪಂಚರಣ್ಣ. ಸ್ವಂತ ಹೆಸರನ್ನು ಅವನ ತಮ್ಮ ತೆಗೆದುಕೊಂಡು ಹೋಗಿದ್ದ, ಗಿರಣಿಗೆ.

ಕಥೆ ಹಳೆಯದು. ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದು ಅಣ್ಣನಿಗೆ. ಸೇರುವ ಮೊದಲೇ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡ. ಅಪ್ಪ ಇರಲಿಲ್ಲ, ಗಿರಣಿ ಕಾಯುವುದಿಲ್ಲ, ತಮ್ಮನಿಗೆ ವಯಸ್ಸು ಸಾಲದು. ಆಗ ಅವ್ವ, ದೊಡ್ಡವನ ಶಾಲೆಯ ಸರ್ಟಿಫಿಕೇಟನ್ನು ಚಿಕ್ಕವನ ಕೈಗೆ ಕೊಟ್ಟು, "ಇಬ್ರಿಗೂ ಒಂದೇ ಮೂಗು. ಯಾರು ನೋಡ್ತಾರೆ, ಹೋಗು," ಎಂದು ಕಳಿಸಿಬಿಟ್ಟಳು. ಮೊದಲ ದಿನ ಹಾಜರಿ ಕರೆಯುವಾಗ ಮೇಸ್ತ್ರಿ ಅಣ್ಣನ ಹೆಸರನ್ನು ಕೂಗಿದರೆ ತಮ್ಮ ಸುಮ್ಮನೆ ನಿಂತಿದ್ದನಂತೆ. ಮತ್ತೊಮ್ಮೆ ಕೂಗಿದರೆ ಅಣ್ಣ ಎಲ್ಲಾದರೂ ಬಂದಿದ್ದಾನೇನೋ ಎಂದು ಹಿಂದೆ ತಿರುಗಿ ಹುಡುಕಿದನಂತೆ. "ಕಿವಿ ಕೇಳಲ್ವೇನೋ?" ಎಂದು ಮೇಸ್ತ್ರಿ ರೇಗಿದ ಮೇಲೆ ಬೆಚ್ಚಿಬಿದ್ದು "ಇದ್ದೀನಿ" ಅಂದನಂತೆ. ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅವನೇ ಇದನ್ನು ಅಭಿನಯಿಸಿ ತೋರಿಸುತ್ತಿದ್ದ. ಪ್ರತಿ ಸಲವೂ ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ರಿಟೈರಾದ ದಿನ ನಿನ್ನ ಹೆಸರು ನಿಂಗೆ ವಾಪಸ್ಸು ಕೊಡ್ತೀನಣ್ಣ," ಎನ್ನುತ್ತಿದ್ದ. "ಒಗೆದು, ಇಸ್ತ್ರಿ ಮಾಡಿ ಕೊಡ್ತೀನಿ. ನಂದು ಹೊಸದಾಗೇ ಇದೆ, ಪೆಟ್ಟಿಗೆಯಿಂದ ತೆಗೀಬೇಕಷ್ಟೆ."

ರಿಟೈರಾಗುವವರೆಗೆ ಬದುಕಲಿಲ್ಲ. ನೂಲಿನ ಯಂತ್ರದ ಪಕ್ಕದಲ್ಲೇ ಕುಸಿದ. ಗಿರಣಿಯ ಆಸ್ಪತ್ರೆಯವರು ತಮ್ಮ ದಾಖಲೆಯಲ್ಲಿದ್ದ ಹೆಸರನ್ನೇ ಪುರಸಭೆಗೆ ಕಳಿಸಿಕೊಟ್ಟರು.

ಬೆಳಿಗ್ಗೆ ತಮ್ಮನ ಹೆಂಡತಿ ಒಲೆಯ ಮುಂದೆ ನಿಂತು, ಮುಖ ತಿರುಗಿಸದೆಯೇ ಹೇಳಿದ್ದಳು. "ಭಾವ, ಆಗೋ ಹಾಗಿದ್ರೆ ಅವರ ಹೆಸರಲ್ಲೇ ಬರೆಸ್ಕೊಂಡು ಬನ್ನಿ. ಬದುಕಿದ್ದಾಗಂತೂ ಆಗ್ಲಿಲ್ಲ. ಹೋಗೋವಾಗಾದ್ರೂ ಅವರು ಅವರಾಗೇ ಹೋಗ್ಲಿ."

"ಮಗಳ ಕೆಲಸ?"

"ಅದೂ ಬೇಕಲ್ಲ ಭಾವ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಿದ್ದಳು. ತಂದೆಯ ಜಾಗದಲ್ಲಿ ಮಗಳನ್ನು ತೆಗೆದುಕೊಳ್ಳಲು ಗಿರಣಿಯವರು ಒಪ್ಪಿದ್ದರು. ಕೆಲಸ ಆದರೆ ಗಿರಣಿಯ ಮನೆಯೂ ಉಳಿಯುತ್ತಿತ್ತು. ಇವತ್ತು ಸಂಜೆಯೊಳಗೆ ಮರಣ ಪ್ರಮಾಣಪತ್ರ ಒಪ್ಪಿಸಬೇಕೆಂದು ಹೇಳಿ ತಾಯಿ ಮಗಳಿಬ್ಬರನ್ನೂ ಕರೆಸಿಕೊಂಡಿದ್ದರು.

ಇದೆಲ್ಲವನ್ನೂ ಪಂಚರಣ್ಣ ಕಿಟಕಿಯ ಕಂಬಿಗೆ ಬಾಯಿ ತಾಗುವಷ್ಟು ಬಗ್ಗಿ, ಪಿಸುದನಿಯಲ್ಲಿ ಗುಮಾಸ್ತೆಗೆ ಹೇಳಿದ. ಅವಳು ಕೇಳಿಸಿಕೊಂಡಳು. ನಡುವೆ ಒಂದು ಸಲ "ಅಯ್ಯೋ ದೇವರೇ" ಎಂದಳು.

"ತಿದ್ದುಪಡಿ ಮಾಡಬಹುದು. ಆಗಲ್ಲ ಅನ್ನಲ್ಲ," ಎಂದಳು ಕೊನೆಗೆ. "ಆದ್ರೆ ಆಸ್ಪತ್ರೆಯಿಂದ ಪತ್ರ ಬೇಕು. ಆಸ್ಪತ್ರೆಯವರು ಗಿರಣಿಯವರನ್ನ ಕೇಳ್ತಾರೆ. ಇಷ್ಟು ವರ್ಷ ನಮ್ಮಲ್ಲಿ ದುಡಿದೋನು ಹಾಗಾದ್ರೆ ಯಾರು ಅಂತ ಗಿರಣಿಯವರು ಕೇಳ್ತಾರೆ. ಆಮೇಲೆ ಆ ಹುಡುಗಿ ಕೆಲಸದ ಆಸೆ ಬಿಟ್ಟುಬಿಡಿ."

"ಹಂಗಾದ್ರೆ ಇದ್ದಂಗೇ ಕೊಟ್ಬಿಡಿ."

"ಯಾರಿಗೆ ಕೊಡ್ಲಿ? ಹತ್ತಿರದ ಸಂಬಂಧಿ ಅರ್ಜಿ ಹಾಕ್ಬೇಕು, ಅವರು ಬದುಕಿರಬೇಕು. ಸತ್ತೋರ ಕೈಯಿಂದ ಅರ್ಜಿ ತಗೊಳ್ಳೋಕೆ ಬರಲ್ಲ ಯಜಮಾನ್ರೇ. ಹೆಂಡ್ತಿನ ಕಳ್ಸಿ." ಅರ್ಜಿಯನ್ನು ಕಂಬಿಯ ಸಂದಿಯಲ್ಲಿ ಹೊರಗೆ ತಳ್ಳಿ, ಅವನ ಹಿಂದಿದ್ದವನತ್ತ ಕೈ ಚಾಚಿದಳು.

ಪಂಚರಣ್ಣ ಹೊರಗಿನ ಮೆಟ್ಟಿಲಿಗೆ ಬಂದು ಗಿರಣಿಯಲ್ಲಿದ್ದ ತಮ್ಮನ ಹೆಂಡತಿಗೆ ಫೋನು ಹಚ್ಚಿದ. ತಮ್ಮನ ಮಗಳು ಎತ್ತಿಕೊಂಡಳು. "ದೊಡ್ಡಪ್ಪಾ, ಅಮ್ಮನ್ನ ಕಳ್ಸೋಕಾಗಲ್ಲ. ಒಂದರ ಹಿಂದೆ ಒಂದು ಸಹಿ ಹಾಕಿಸ್ಕೊಳ್ತಾನೇ ಇದ್ದಾರೆ. ಆಫೀಸು ಮುಚ್ಚೋದರೊಳಗೆ ನೀವೇ ಹೆಂಗಾದ್ರೂ ಮಾಡಿ ತಂದ್ಬಿಡಿ." ಅಷ್ಟರಲ್ಲಿ ಫೋನು ತಾಯಿಯ ಕೈಗೆ ಹೋಯಿತು. ಅವಳು ಕೇಳಿದ್ದು ಒಂದೇ ಮಾತು. "ಅವರ ಹೆಸರಲ್ಲಿ ಆಯ್ತಾ ಭಾವ?"

"ನೋಡ್ತಿದ್ದೀನಮ್ಮ," ಎಂದು ಫೋನು ಇಟ್ಟ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ.

ಊಟದ ಹೊತ್ತಿಗೆ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಒಳಗಿನ ಬೆಂಚಿನ ಮೇಲೆ ಕೂತು, ಗ್ರೀಸು ಮೆತ್ತಿ ಕಪ್ಪಾದ ಬೆರಳುಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು, ಪಂಚರಣ್ಣ ಚೀಲದಿಂದ ತಮ್ಮನ ಶಾಲೆಯ ಸರ್ಟಿಫಿಕೇಟು ತೆಗೆದ. ತಿದ್ದುಪಡಿಗೆ ಬೇಕಾದೀತೆಂದು ತಂದಿದ್ದ. ತನ್ನದು ಗಿರಣಿಯ ಕಡತದಲ್ಲಿ ಕೊಳೆಯುತ್ತಿರಬೇಕು. ಇದನ್ನು ಯಾರೂ ಯಾವುದಕ್ಕೂ ಬಳಸಿರಲಿಲ್ಲ. ಮಡಿಕೆಯಿಲ್ಲ, ಕಲೆಯಿಲ್ಲ. ತಮ್ಮ ಹೇಳುತ್ತಿದ್ದ ಹಾಗೆ ಹೊಸದಾಗೇ ಇತ್ತು.

ಒಬ್ಬನ ಹೆಸರು ಅಷ್ಟು ವರ್ಷ ಹತ್ತಿಯ ಧೂಳಿನಲ್ಲಿ ಪಾಳಿ ಮಾಡಿ, ಬಯ್ಯಿಸಿಕೊಂಡು, ಬಡ್ತಿ ಪಡೆದು ಸತ್ತೂ ಹೋಗಿತ್ತು. ಇನ್ನೊಬ್ಬನದು ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು. ಎಂಥ ಅನ್ಯಾಯ ಮಾಡಿಬಿಟ್ಟೆವಪ್ಪಾ ಆ ಹುಡುಗನಿಗೆ, ಅಂದುಕೊಂಡ. ಐವತ್ತು ದಾಟಿದ್ದ ತಮ್ಮ ಅವನಿಗೆ ಇನ್ನೂ ಹುಡುಗನೇ.

ತಾನು ಸತ್ತಿದ್ದರೆ ಸತ್ತಿರಲಿ. ಯಾರ ಗಂಟೇನು ಹೋಗುತ್ತದೆ? ಕಟ್ಟಿಕೊಂಡ ಹೆಂಡತಿಯಿಲ್ಲ, ಮಕ್ಕಳಿಲ್ಲ. ಅಂಗಡಿಯ ಪರವಾನಗಿಯಲ್ಲಿ ಹೆಸರು ಬದಲಾಯಿಸಬೇಕಾಗಬಹುದು. ಆದರೆ ಚಕ್ರದ ತೂತು ಮುಚ್ಚುವವನ ಹೆಸರೇನೆಂದು ಈವರೆಗೆ ಯಾವ ಗಿರಾಕಿಯೂ ಕೇಳಿದ್ದಿಲ್ಲ.

ಹೊಸ ಅರ್ಜಿಯೊಂದನ್ನು ತಂದು ಮತ್ತೆ ಬೆಂಚಿನ ಮೇಲೆ ಕೂತ. ಮೃತರ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನು ಬರೆದ. ಅದೇನೂ ಕಷ್ಟವಾಗಲಿಲ್ಲ. ಅರ್ಜಿದಾರರ ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಬೆವರಿದ ಅಂಗೈಯನ್ನು ಇನ್ನೊಮ್ಮೆ ಒರೆಸಿಕೊಂಡು, ಶಾಲೆಯ ಹುಡುಗನ ದುಂಡಕ್ಷರದಲ್ಲಿ ನಿಧಾನವಾಗಿ ತಮ್ಮನ ಹೆಸರನ್ನು ಬರೆದ. ಸಂಬಂಧ ಎನ್ನುವಲ್ಲಿ 'ತಮ್ಮ' ಎಂದು ತುಂಬಿದ. ಸಹಿಯನ್ನೂ ಅದೇ ಹೆಸರಿನಲ್ಲಿ ಹಾಕಿದ.

ಊಟ ಮುಗಿದ ಮೇಲೆ ಆ ಕಿಟಕಿಗೆ ಬೇರೊಬ್ಬ ಗುಮಾಸ್ತ ಬಂದು ಕೂತಿದ್ದ. ಭಾರಿ ನೆಗಡಿ, ಎರಡು ಮಾತಿಗೊಮ್ಮೆ ಸೀನುತ್ತಿದ್ದ. ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನ್ರೀ, ನಿನ್ನೆ ಮೊನ್ನೆ ಕೊಟ್ಟಂಗಿದೆ?"

"ಜೋಪಾನವಾಗಿ ಇಟ್ಟಿದ್ವಿ ಸಾರ್."

"ಸತ್ತೋರು ನಿಮಗೇನಾಗ್ಬೇಕು?"

"ಅಣ್ಣ," ಎಂದ ಪಂಚರಣ್ಣ. ಆ ಒಂದು ಮಾತು ಹೊರಡುವಷ್ಟರಲ್ಲಿ ಮೈಯೆಲ್ಲ ಬೆವೆತುಹೋಯಿತು.

ಗುಮಾಸ್ತನಿಗೆ ಅದು ದುಃಖವೆನಿಸಿರಬೇಕು. "ಗಿರಣೀಲಿದ್ರಾ?" ಎಂದು ದನಿ ತಗ್ಗಿಸಿದ.

"ಹೂಂ ಸಾರ್. ಬಹಳ ದುಡಿದ. ಒಂದಿನಾನೂ ತಪ್ಪಿಸ್ಕೊಂಡೋನಲ್ಲ." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪಂಚರಣ್ಣನ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹೋಗಿ ಕೂತ್ಕೊಳ್ಳಿ. ಕೊನೇ ಕಿಟಕೀಲಿ ಹೆಸರು ಕೂಗ್ತಾರೆ."

ಕೊನೆಯ ಕಿಟಕಿಯ ಎದುರು ಹತ್ತಾರು ಜನ ಕೂತಿದ್ದರು. ಫ್ಯಾನು ತಿರುಗುತ್ತಿತ್ತು, ಯಾರಿಗೂ ಗಾಳಿ ಬರುತ್ತಿರಲಿಲ್ಲ. ಒಳಗಿನಿಂದ ಹೆಸರುಗಳು ಒಂದೊಂದಾಗಿ ಬಂದವು. ಹೆಸರು ಬಂದವರು ಎದ್ದು ಹೋಗಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಪಂಚರಣ್ಣ ಬಾಗಿಲಿನಾಚೆ ಇಳಿಯುತ್ತಿದ್ದ ಬಿಸಿಲನ್ನೂ ಗೋಡೆಯ ಗಡಿಯಾರವನ್ನೂ ನೋಡುತ್ತ ಗಿರಣಿಯ ಗೇಟನ್ನು ನೆನೆಯುತ್ತಿದ್ದ.

ಕಿಟಕಿಯಿಂದ ತಮ್ಮನ ಹೆಸರು ಕೇಳಿಸಿತು.

ಅವನು ಏಳಲಿಲ್ಲ. ಮನೆಯ ಹೊರಗೆ ಯಾರಾದರೂ ಆ ಹೆಸರು ಹಿಡಿದು ಕರೆದದ್ದನ್ನು ಅವನು ಕೇಳಿ ಒಂದು ಜಮಾನವೇ ಆಗಿತ್ತು. ಕುತ್ತಿಗೆ ತನ್ನಷ್ಟಕ್ಕೆ ತಾನೇ ಹೊರಳಿತು. ಹಿಂದಿನ ಬಾಗಿಲಿನತ್ತ ನೋಡಿದ. ಅಲ್ಲಿ ಖಾಲಿ ಮೆಟ್ಟಿಲುಗಳಿದ್ದವು, ಗೋಡೆಗೆ ಒರಗಿಸಿಟ್ಟ ಅವನದೇ ಸೈಕಲ್ಲಿತ್ತು.

ಎರಡನೆಯ ಸಲ ಕೂಗಿದಾಗ ತಿರುಗಿ ನೋಡಿದ. ಕಿಟಕಿಯಲ್ಲಿದ್ದವಳು ಬೆಳಗಿನ ಗುಮಾಸ್ತೆ. ಕಾಗದವನ್ನು ಕೈಯಲ್ಲಿ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವನನ್ನೇ ನೋಡುತ್ತಿದ್ದಳು. ಒಂದು ಗಳಿಗೆ ಹಾಗೆಯೇ ನೋಡಿ, ಇನ್ನೊಮ್ಮೆ, ಇಡೀ ಕೋಣೆಗೆ ಕೇಳುವ ಹಾಗೆ ಅದೇ ಹೆಸರನ್ನು ಕೂಗಿದಳು.

"ಇದ್ದೀನಿ," ಎಂದು ಅವನು ಎದ್ದು ನಿಂತ.

ಅವಳು ಪ್ರಮಾಣಪತ್ರವನ್ನು ಕಂಬಿಯ ಸಂದಿಯಿಂದ ಮುಂದೆ ಸರಿಸಿದಳು. ಮೇಲೆ ಅವನ ಹೆಸರಿತ್ತು, ಕೆಳಗೆ ಪಡೆದವರ ಜಾಗದಲ್ಲಿ ತಮ್ಮನದು. ಮುಟ್ಟುವ ಮೊದಲು ಅವನು ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದ. ಬೆರಳಿನಲ್ಲಿ ಇನ್ನೂ ಕಪ್ಪು ಉಳಿದಿತ್ತು. ಕೊನೆಗೆ ಕಾಗದವನ್ನು ಅಂಚಿನಲ್ಲಷ್ಟೇ ಹಿಡಿದು, ಮಡಚದೆ, ಬಾಗಿಲಿನತ್ತ ನಡೆದ.