ಎಡಗಾಲಿನ ಬೆಳ್ಳಿ ಮೀನು

ನಾನು ಒಂದು ಕಾಲುಂಗುರ. ಮೀನಿನ ಆಕಾರದವಳು, ಎಡಗಾಲಿನವಳು. ಗದಗಿನ ಪತ್ತಾರರೊಬ್ಬರು ಮುರಿದ ಬೆಳ್ಳಿ ಕಡಗವನ್ನು ಕರಗಿಸಿ ನನ್ನನ್ನೂ ನನ್ನ ಜೊತೆಗಾತಿಯನ್ನೂ ಒಂದೇ ದಿನ ಮಾಡಿದರು. ನನಗೆ ಬಲಕ್ಕೆ ಮುಖ, ಅವಳಿಗೆ ಎಡಕ್ಕೆ. ಹೆಂಗಸು ಪಾದ ಜೋಡಿಸಿ ನಿಂತರೆ ಎರಡು ಮೀನುಗಳೂ ಒಂದನ್ನೊಂದು ನೋಡಬೇಕು. ಪತ್ತಾರರ ಎಣಿಕೆ ಅದು.

ಮೊದಲು ನಾವು ಗೌರವ್ವನ ಕಾಲಲ್ಲಿದ್ದೆವು. ನೆಲದ ಮಟ್ಟದಲ್ಲಿ ಬದುಕುವ ನನಗೆ ಜನರ ಮುಖಕ್ಕಿಂತ ಹಿಮ್ಮಡಿಯ ಗುರುತೇ ಹೆಚ್ಚು. ಗೌರವ್ವನ ಹಿಮ್ಮಡಿ ಬಿರುಕು ಬಿಟ್ಟಿತ್ತು, ಮಳೆಗಾಲದಲ್ಲೂ ಕೂಡುತ್ತಿರಲಿಲ್ಲ. ಗಂಡ ತೀರಿಕೊಂಡಾಗ ನೆರೆದ ಹೆಂಗಸರು ನಮ್ಮನ್ನು ಕಳಚಿದರು. ಅವಳು ನಮ್ಮನ್ನು ಒಂದು ಹಳೆಯ ಕುಂಕುಮದ ಭರಣಿಯಲ್ಲಿಟ್ಟಳು. ಎಷ್ಟೋ ವರ್ಷಗಳ ನಂತರ ಭರಣಿಯನ್ನು ಮಗಳು ದಾನೇಶ್ವರಿಯ ಕೈಗೆ ಕೊಟ್ಟು, "ನೀ ಅಂತೂ ಲಗ್ನ ಒಲ್ಲೆ ಅಂತಿ. ಆದ್ರೂ ಇರ್ಲಿ, ನನ್ನ ನೆನಪಿಗೆ" ಎಂದಳು.

ದಾನೇಶ್ವರಿ ಧಾರವಾಡದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಅವಳೊಂದಿಗೆ ಪುಷ್ಪಲತಾ ಇದ್ದಳು. ಕಸೂತಿ ಹಾಕುವವಳು, ನಾಲ್ಕು ಹೆಣ್ಣುಮಕ್ಕಳಿಗೆ ಕಲಿಸಿ ಕೆಲಸ ಕೊಟ್ಟವಳು. ಒಂದು ಮಧ್ಯಾಹ್ನ ದಾನೇಶ್ವರಿ ನೆಲದ ಮೇಲೆ ಕುಳಿತು ಪುಷ್ಪಲತಾಳ ಎಡಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನನ್ನನ್ನು ತೊಡಿಸಿದಳು.

"ಇನ್ನೊಂದು?" ಎಂದಳು ಪುಷ್ಪಲತಾ.

"ಅದು ನನಗ. ಜೋಡಿ ಅಂದ್ರ ಹಿಂಗ."

"ಕುಂಟರ ಜೋಡಿ ಆತು ನೋಡು ನಮ್ದು."

ಇಬ್ಬರೂ ನಕ್ಕರು. ನಾನು ಜೊತೆಗಾತಿಯನ್ನು ಅಗಲಿದೆ. ಆದರೆ ಮಂಚದ ಅಂಚಿನಲ್ಲಿ ಅವರಿಬ್ಬರೂ ಕಾಲು ಇಳಿಬಿಟ್ಟು ಕುಳಿತಾಗ ಮೀನುಗಳು ಮುಖಾಮುಖಿಯಾಗುತ್ತಿದ್ದವು. ನನ್ನ ಬಾಯಿ ಸೀರೆಯ ಎಳೆಗೆ ಸಿಕ್ಕುತ್ತದೆಂದು ಪುಷ್ಪಲತಾ ಅದಕ್ಕೆ ಕೆಂಪು ಕಸೂತಿ ದಾರ ಸುತ್ತಿದಳು. ಹೆದರಿದಾಗ ಕಾಲ್ಬೆರಳು ಮಡಚುವುದು ಅವಳ ಅಭ್ಯಾಸ. ಆಗ ನಾನು ಅವಳ ಮಾಂಸಕ್ಕೆ ಒತ್ತುತ್ತಿದ್ದೆ. ಹತ್ತು ವರ್ಷಗಳಲ್ಲಿ ಹಾಗೆ ಒತ್ತಿದ್ದು ಕೆಲವೇ ಸಲ.

ಹನ್ನೊಂದನೆಯ ವರ್ಷ ದೂರದೇಶವೊಂದರ ಕೈಕಸುಬಿನ ಮೇಳಕ್ಕೆ ಅವಳಿಗೆ ಕರೆ ಬಂತು. ಇಬ್ಬರೂ ಹೊರಟರು. ಕೈಗೆಟುಕುವ ಟಿಕೆಟ್ಟಿನಲ್ಲಿ ನಡುವೆ ಒಂದು ದೇಶದಲ್ಲಿ ವಿಮಾನ ಬದಲಿಸಬೇಕಿತ್ತು.

"ಆ ದೇಶದಾಗ ನಮ್ಮಂಥವ್ರಿಗೆ ಜೈಲು ಐತಿ," ಎಂದಳು ದಾನೇಶ್ವರಿ.

"ನಾವೇನು ಅಲ್ಲಿ ಊರೊಳಗ ಹೋಗ್ತೀವೇನು? ಬರೇ ವಿಮಾನ ಬದಲಿಸ್ತೀವಿ."

"ವಿಮಾನ ನಿಲ್ದಾಣನೂ ಅವ್ರ ನೆಲಾನ, ಪುಷ್ಪಿ."

ಅಂದೇ ಫೋನುಗಳಲ್ಲಿದ್ದ ಇಬ್ಬರ ಚಿತ್ರಗಳನ್ನೆಲ್ಲ ಅಳಿಸಿದರು. ಚೀಲಗಳನ್ನು ಬೇರೆ ಮಾಡಿದರು. ಪತ್ರ, ಪುಸ್ತಕ ಎಲ್ಲವನ್ನೂ ನೋಡಿದರು. ಕಾಲು ಮಾತ್ರ ನೋಡಿಕೊಳ್ಳಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಅದೇ ದೇಶದಲ್ಲಿ ಧೂಳಿನ ಬಿರುಗಾಳಿಗೆ ಮುಂದಿನ ವಿಮಾನ ರದ್ದಾಯಿತು, ಇನ್ನೊಂದು ಇದ್ದದ್ದು ಮೂರು ದಿನದ ಮೇಲೆ. ಅಷ್ಟು ದಿನ ಒಳಗೇ ಇರಲು ಬಿಡುವುದಿಲ್ಲ, ವೀಸಾ ಮಾಡಿಸಿಕೊಂಡು ಹೊರಗಿನ ಹೋಟೆಲ್ಲಿಗೆ ಹೋಗಿ ಎಂದರು ನಿಲ್ದಾಣದವರು. ದೊಡ್ಡ ಸಭಾಂಗಣದಲ್ಲಿ ಸಾಲು ನಿಂತಿತು. ಒಂದೇ ಕುಟುಂಬದವರಾದರೆ ಒಂದು ಅರ್ಜಿ, ಒಂದು ಶುಲ್ಕ. ಇಲ್ಲವಾದರೆ ಬೇರೆ ಬೇರೆ. ಅರ್ಜಿಯಲ್ಲಿ ಜೊತೆಯಲ್ಲಿರುವವರ ಸಂಬಂಧ ಬರೆಯುವ ಜಾಗವಿತ್ತು. ಹುಡುಗರಿಗೆ ಉತ್ತರಪತ್ರಿಕೆಯ ಒಂದು ಸಾಲನ್ನೂ ಖಾಲಿ ಬಿಡಬೇಡಿ ಎನ್ನುವ ದಾನೇಶ್ವರಿ ಆ ಜಾಗದ ಮೇಲೆ ಪೆನ್ನು ಹಿಡಿದು ಕುಳಿತಳು.

"ಅಕ್ಕ ಅಂತ ಬರಿ."

"ಪಾಸ್‌ಪೋರ್ಟಿನಾಗ ನಿಮ್ಮಪ್ಪ ಬ್ಯಾರೆ, ನಮ್ಮಪ್ಪ ಬ್ಯಾರೆ."

"ಹಂಗಾದ್ರ ಬ್ಯಾರೆ ಬ್ಯಾರೆ ಕೊಡೂಣು. ಸಂಬಂಧ ಇಲ್ಲ ಅನ್ನಾಕೂ ಇಲ್ಲಿ ರೊಕ್ಕ ಕೊಡಬೇಕು ನೋಡು."

ಈ ಸಲ ಯಾರೂ ನಗಲಿಲ್ಲ. ಪುಷ್ಪಲತಾಳ ಬೆರಳು ಮಡಚಿತು. ಕೌಂಟರಿನ ಗಾಜಿನ ಹಿಂದೆ ಸಮವಸ್ತ್ರದವನೊಬ್ಬ ಒಬ್ಬೊಬ್ಬರ ಫೋನನ್ನೂ ಕೇಳಿ ನೋಡುತ್ತಿದ್ದ. ಸಾಲು ಒಂದು ಹೆಜ್ಜೆ ಸರಿದಾಗಲೆಲ್ಲ ಬೆರಳು ಇನ್ನಷ್ಟು ಮಡಚುತ್ತಿತ್ತು.

ಆಗ ಒದ್ದೆ ಬಟ್ಟೆಯ ಕೋಲೊಂದು ನೆಲ ಒರೆಸುತ್ತ ಬಂದು ನನ್ನ ಮುಂದೆ ನಿಂತಿತು. ಅದರ ಹಿಂದೆ ರಬ್ಬರಿನ ಬೂಟು. ಬೂಟು ಕದಲಲಿಲ್ಲ.

"ಕನ್ನಡದವ್ರೇನ್ರಿ? ನಾ ರಾಯಚೂರಾಕಿ." ತಗ್ಗಿದ ದನಿ. "ಅಕ್ಕಾರ, ಒಂದು ಮಾತು. ಒಬ್ಬೊಬ್ಬರಿಗೆ ಒಂದೊಂದು ಕಾಲುಂಗುರ ಅದ. ಎರಡೂ ಒಂದೇ ಜೋಡಿವು."

ದಾನೇಶ್ವರಿ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಇಲ್ಲಿನವ್ರಿಗೆ ಇದು ತಿಳಿಯಂಗಿಲ್ರಿ. ನಮ್ಮವ್ರಿಗೆ ತಿಳೀತದ. ಹೋಟೆಲ್ಲಿನಾಗ, ಬಸ್ಸಿನಾಗ, ಎಲ್ಲಾ ಕಡೆ ನಮ್ಮವ್ರೇ ಕೆಲಸಕ್ಕ ಅದಾರ. ಹೋಗಿ ಹೇಳೋರು ನಮ್ಮವ್ರೇ. ಹೋದ ವರ್ಷ ಇಬ್ಬರು ಹುಡುಗ್ಯಾರನ್ನ ಒಯ್ದ್ರು. ನನ್ನ ಕೋಣ್ಯಾಗ ಇದ್ದವ್ರು." ಕೋಲು ಮತ್ತೆ ಆಡತೊಡಗಿತು. "ನಾ ಏನೂ ನೋಡಿಲ್ಲ, ನೀವು ಏನೂ ಕೇಳಿಲ್ಲ. ಎರಡೂ ಒಬ್ಬಾಕಿ ಹಾಕ್ಕೊಂಬಿಡ್ರಿ."

ಬೂಟುಗಳು ಬೇಗ ಬೇಗ ದೂರವಾದವು. ಪುಷ್ಪಲತಾ ಚಪ್ಪಲಿ ಸರಿಪಡಿಸಿಕೊಳ್ಳುವವಳಂತೆ ಬಗ್ಗಿ ನನ್ನನ್ನು ಎಳೆದಳು. ಹತ್ತು ವರ್ಷ ಕಳಚದ ನಾನು ಚರ್ಮ ತರಚಿಕೊಂಡೇ ಬಂದೆ. ಕರವಸ್ತ್ರದಡಿ ಕೈಯಿಂದ ಕೈಗೆ ದಾಟಿ ದಾನೇಶ್ವರಿಯ ಎಡಗಾಲಿಗೆ ಸೇರಿದೆ. ಎದುರಿಗೇ, ಅವಳ ಬಲಗಾಲಲ್ಲಿ, ನನ್ನ ಜೊತೆಗಾತಿ. ಅವಳನ್ನು ಸೇರುವ ದಿನ ಹೀಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಸಾಲಿನಲ್ಲಿ ಪುಷ್ಪಲತಾ ಐದು ಜನರಷ್ಟು ಹಿಂದೆ ಹೋಗಿ ನಿಂತಳು.

ಗಾಜಿನ ಹಿಂದಿನವನು ದಾನೇಶ್ವರಿಯನ್ನು ಕೇಳಿದ, ಮದುವೆಯಾಗಿದೆಯೇ ಎಂದು. ಅವಳು ಹೌದೆಂದಳು. ಗಂಡ ಎಲ್ಲಿ? ಮನೆಯಲ್ಲಿ. ಮುದ್ರೆ ಬಿತ್ತು. ಬಹಳ ಹೊತ್ತಿನ ನಂತರ ಪುಷ್ಪಲತಾಳ ಅರ್ಜಿಗೂ ಬಿತ್ತು.

ಮೂರು ದಿನ ಅವರು ಬೇರೆ ಬೇರೆ ಕೋಣೆಗಳಲ್ಲಿದ್ದರು. ಊಟದ ಕೋಣೆಯಲ್ಲಿ ಬೇರೆ ಬೇರೆ ಮೇಜು. ಎದುರಾದರೆ "ನಮಸ್ಕಾರ್ರಿ ಮೇಡಂ" ಎಂದು ದಾಟಿಹೋಗುತ್ತಿದ್ದರು. ಪುಷ್ಪಲತಾಳ ಬೆರಳಿನ ಗಾಯಕ್ಕೆ ಅಂಟಿಸಿದ್ದ ಪಟ್ಟಿ ನನಗೆ ದೂರದಿಂದ ಕಾಣುತ್ತಿತ್ತು.

ಧಾರವಾಡಕ್ಕೆ ಬಂದ ಮೇಲೆ ದಾನೇಶ್ವರಿ ನನ್ನನ್ನು ಕಳಚಿ ಹಿಡಿದು ಮತ್ತೆ ನೆಲದ ಮೇಲೆ ಕುಳಿತಳು, ಮತ್ತೆ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳು ಮಡಚಿತು.

"ಬ್ಯಾಡ, ದಾನಿ. ಮುಂಜಾನೆ ಮಗ್ಗಲ ಮನಿಯಾಕಿ ನನ್ನ ಕಾಲು ನೋಡಿದ್ಲು."

"ಇಲ್ಲೇನು ಜೈಲೈತಿ? ಹತ್ತು ವರ್ಷದಿಂದ ನೋಡ್ಯಾಳ ಅಕಿ."

"ಹೌದು. ಅಕಿ ನೋಡೋದು ನನಗ ಈಗ ಕಾಣಾಕತ್ತೈತಿ."

ದಾನೇಶ್ವರಿ ಬಹಳ ಹೊತ್ತು ಆ ಪಾದವನ್ನು ಹಿಡಿದೇ ಇದ್ದಳು. ಆಮೇಲೆ ತನ್ನದನ್ನೂ ಕಳಚಿ ನಮ್ಮಿಬ್ಬರನ್ನೂ ಭರಣಿಗೆ ಹಾಕಿದಳು.

ಈಗ ನಾನು ಮುದುಕಿ, ಕಪ್ಪಾಗಿದ್ದೇನೆ. ಕೆಂಪು ದಾರ ಮಾತ್ರ ಬಿಚ್ಚಿಲ್ಲ. ಹಳೆಯ ಕುಂಕುಮದ ವಾಸನೆಯ ಈ ಕತ್ತಲಲ್ಲಿ ಮೀನುಗಳು ಒಂದನ್ನೊಂದು ನೋಡುತ್ತ ಮಲಗಿವೆ. ಪತ್ತಾರರು ಬಯಸಿದ್ದು ಇದನ್ನೇ. ಆದರೆ ನನ್ನ ಕಿವಿಯೆಲ್ಲ ಹೊರಗಡೆಗೆ. ಹಿಂದೆ ಅವರು ಓಡಾಡಿದರೆ ನಾವು ನೆಲದ ಕಡಪಾ ಕಲ್ಲಿಗೆ ತಾಗಿ ಟಿಣ್ ಎನ್ನುತ್ತಿದ್ದೆವು. ಒಬ್ಬಳು ಅಡುಗೆಮನೆಯಲ್ಲಿದ್ದರೂ ಇನ್ನೊಬ್ಬಳು ಎಲ್ಲಿದ್ದಾಳೆಂದು ಅವಳಿಗೆ ತಿಳಿಯುತ್ತಿತ್ತು. ಈಗ ಆ ಮನೆಯಲ್ಲಿ ಇಬ್ಬರು ಹೆಂಗಸರು ಸದ್ದಿಲ್ಲದೆ ನಡೆಯುತ್ತಾರೆ.